ಮೊದಲರ್ಧ ತಪ್ಪಿಸಿಕೊಂಡವರಿಗೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಾಗುತ್ತಿಲ್ಲ. (ಗೊತ್ತಿಲ್ಲದಿದ್ದರೆ ಸುಮ್ಮನಿರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಎಸ್ಟೋನಿಯಾದಲ್ಲಿ ಮಿಕ್ಕವರೆಲ್ಲ ಹಾಗೇ ಮಾಡುತ್ತಾರೆ. ಸುಮ್ಮನಿರಲು ಬಾರದೆ ಹುಟ್ಟಿದವಳು ನಾನೊಬ್ಬಳೇ ಇರಬೇಕು. ಅದಕ್ಕೇ ನನಗೆ ಈ ಕೆಲಸ ಸಿಕ್ಕಿದೆ.)

ನನ್ನ ಹೆಸರು ಮೈರೆ. ನಮ್ಮ ಭಾಷೆಯ ನಾಟಕಗಳನ್ನು ಹೊರದೇಶದವರಿಗೆ ಪರಿಚಯಿಸುವುದು ನನ್ನ ಕೆಲಸ. ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ ನಾಟಕೋತ್ಸವ ನಡೆಸುವವರನ್ನು ಕರೆಸುತ್ತೇವೆ, ಊಟ ಹಾಕುತ್ತೇವೆ, ನಾಟಕ ತೋರಿಸುತ್ತೇವೆ, ಆಮೇಲೆ ಹಲ್ಲು ಕಿರಿದು "ಹೇಗಿತ್ತು?" ಎಂದು ಕೇಳುತ್ತೇವೆ. ಅವರು "ಇಂಟರೆಸ್ಟಿಂಗ್" ಅನ್ನುತ್ತಾರೆ. ಇಂಟರೆಸ್ಟಿಂಗ್ ಅಂದವರು ಇವತ್ತಿನವರೆಗೆ ನಮ್ಮ ಒಂದು ನಾಟಕವನ್ನೂ ತಮ್ಮೂರಿಗೆ ಕರೆಸಿಕೊಂಡಿಲ್ಲ.

ಮೊದಲ ಡ್ರಾಫ್ಟ್ ಹೀಗಿತ್ತು: "ಜೌಗು ನೆಲದ ಮೇಲೆ ಮಂಜು ಇಳಿದಿತ್ತು. ಬರ್ಚ್ ಮರಗಳಾಚೆ ಒಂಟಿ ಕೊಕ್ಕರೆಯೊಂದು..." ಥೂ! ಹರಿದು ಬಿಸಾಕಿದೆ. ನಮ್ಮ ಬಗ್ಗೆ ಬರೆಯುವವರೆಲ್ಲ ಮಂಜಿನಿಂದಲೇ ಶುರು ಮಾಡುತ್ತಾರೆ. (ಕೊಕ್ಕರೆಯನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಮುಂದೆ ಬೇಕಾಗುತ್ತದೆ.)

ಎರಡನೆಯ ಡ್ರಾಫ್ಟ್ ಅದಕ್ಕಿಂತ ಕೇಡು: "ಗ್ರಾಮೀಣ ಸ್ಮೃತಿ ಹಾಗೂ ಮೌನದ ರಾಜಕಾರಣವನ್ನು ಮುಖಾಮುಖಿಯಾಗಿಸುವ ಈ ಕೃತಿ..." ಇದು ನಾನೇ ಬರೆದ ಬ್ರೋಷರ್. ಇದನ್ನು ಓದಿ ಯಾರೂ ಬಸ್ಸು ಹತ್ತಲಿಲ್ಲ. ಬಸ್ಸು ಹತ್ತಿಸಿದ್ದು ನನ್ನ ಬಾಯಿ.

೨

ಮೂರನೆಯ ಡ್ರಾಫ್ಟಿನಲ್ಲಿ ಡಾಕ್ಟ್ರಮ್ಮ ಬರುತ್ತಾರೆ.

ಹೆಲ್ಯು ಕಿವಿಸಿಲ್ಡ್. ಎಪ್ಪತ್ತು ದಾಟಿದವರು, ಹಲ್ಲಿನ ಡಾಕ್ಟರು. ಲೆಪಿಕು ಎಂಬ ಹಳ್ಳಿಯಲ್ಲಿ ಒಂದಿಡೀ ಜೀವಮಾನ ಜನರ ಹಲ್ಲು ಕಿತ್ತು, ಸಂಜೆ ಹೊತ್ತು ನಾಟಕ ಬರೆದವರು. ಹಳ್ಳಿಯವರನ್ನೇ ಸೇರಿಸಿಕೊಂಡು, ಹುಲ್ಲು ತುಂಬುತ್ತಿದ್ದ ಹಳೇ ಮರದ ಕೊಟ್ಟಿಗೆಯಲ್ಲಿ ಬೇಸಿಗೆಗೊಂದರಂತೆ ಆಡಿಸುತ್ತಾರೆ. ಅಕ್ಕಪಕ್ಕದ ಹಳ್ಳಿಯವರು ಕಂಬಳಿ, ಸೊಳ್ಳೆ ಔಷಧಿ ಹಿಡಿದುಕೊಂಡು ಬಂದು ನೋಡುತ್ತಾರೆ. ಆ ಸೀಮೆಯಾಚೆಯವರು ಒಬ್ಬರೂ ನೋಡಿದ್ದಿಲ್ಲ. ನಾನು ಅಕಸ್ಮಾತ್ತಾಗಿ ಒಂದು ಸಲ ನೋಡಿದೆ, ಅತ್ತೆ, ಮೂಗು ಸೀಟಿದೆ, ಮಾರನೆಯ ದಿನವೇ ಆಫೀಸಿನಲ್ಲಿ ಜಗಳ ಶುರು ಮಾಡಿದೆ.

"ಹಳ್ಳಿ ನಾಟಕಕ್ಕೆ ವಿದೇಶದವರನ್ನ ಕರ್ಕೊಂಡು ಹೋಗೋದಾ? ತಲೆ ಕೆಟ್ಟಿದ್ಯಾ ನಿಂಗೆ?" ಎಂದರು ನಮ್ಮ ಬಾಸು. ನಾನು ಬಿಡಲಿಲ್ಲ. ನನ್ನ ಮಾತು ಕೇಳಲಾಗದೆ ಕೊನೆಗೆ ಬಸ್ಸು ಕೊಟ್ಟರು.

(ಇಲ್ಲಿ ಡಾಕ್ಟ್ರಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾರೆ.

"ನನ್ನ ವಯಸ್ಸು ಯಾಕೆ ಬರ್ದೆ?"

"ಓದುವವರಿಗೆ ಗೊತ್ತಾಗ್ಲಿ ಅಂತ, ಡಾಕ್ಟ್ರಮ್ಮ. ಮಂಡಿ ನೋವು, ಇದೇ ಕೊನೇ ನಾಟಕ ಅಂತ ನೀವೇ ಅಂದಿದ್ರಲ್ಲ."

"ಮಂಡಿ ಬಗ್ಗೆ ಬರೀಬೇಡ. ಕರುಣೆ ಹುಟ್ಟುತ್ತೆ. ನಂಗೆ ಕರುಣೆ ಬೇಡ, ನೋಡೋ ಜನ ಬೇಕು."

ಸರಿ, ಮಂಡಿಯ ವಿಷಯ ತೆಗೆದುಬಿಟ್ಟೆ. ನೀವು ಓದಿಲ್ಲವೆಂದು ತಿಳಿದುಕೊಳ್ಳಿ. ಆದರೆ ಇದು ಕೊನೆಯ ನಾಟಕ ಅನ್ನುವುದನ್ನು ಮರೆಯಬೇಡಿ. ಆ ಸಂಜೆ ಅದನ್ನು ಹೊರಗಿನವರು ಮೆಚ್ಚಿದರೆ ಉಂಟು, ಇಲ್ಲವಾದರೆ ಡಾಕ್ಟ್ರಮ್ಮನ ಅಷ್ಟೂ ಬರವಣಿಗೆ ಆ ಕೊಟ್ಟಿಗೆಯಲ್ಲೇ ಮುಗಿಯುತ್ತಿತ್ತು.)

೩

ನಾಟಕ ಏಳು ಗಂಟೆಗೆ.

ಅತಿಥಿಗಳ ಬಸ್ಸು ಆರೂವರೆಗೆ ಕೊಟ್ಟಿಗೆಯ ಹತ್ತಿರ ಬರಬೇಕಿತ್ತು. ಬರಲಿಲ್ಲ. ಡ್ರೈವರಿಗೆ ಫೋನ್ ಮಾಡಿದೆ.

"ಕೊಕ್ಕರೆ," ಎಂದ.

"ಏನು ಕೊಕ್ಕರೆ?"

"ಕರೆಂಟ್ ಕಂಬದ ಮೇಲೆ ಗೂಡು. ಮರಿ ಇದಾವೆ. ಎಲ್ರೂ ಇಳಿದು ಫೋಟೋ ಹೊಡೀತಿದಾರೆ."

"ಹತ್ತಿಸ್ಕೊಂಡು ಬಾರಪ್ಪಾ!"

"ಹತ್ತಿದ್ರು. ಮುಂದಿನ ಕಂಬದಲ್ಲಿ ಇನ್ನೊಂದು ಗೂಡು ಕಾಣಿಸ್ತು."

ಓಡಿಹೋಗಿ ಎಂಡೆಲ್ ಅವರ ಮುಂದೆ ನಿಂತೆ. ಎಂಡೆಲ್ ಅವರೇ ಬಾಗಿಲ ಯಜಮಾನರು. ಕೈಯಲ್ಲಿ ಹಿತ್ತಾಳೆ ಗಂಟೆ, ಮೈಮೇಲೆ ಮದುವೆಯ ಕೋಟು. ಮೂರು ಸಲ ಗಂಟೆ ಬಾರಿಸುತ್ತಾರೆ. ಮೂರನೆಯದು ಬಾರಿಸಿ ಬಾಗಿಲು ಹಾಕಿದರೆ ಮುಗಿಯಿತು, ಇಂಟರ್ವಲ್ಲಿನ ತನಕ ತೆರೆಯುವುದಿಲ್ಲ. ಸ್ವಂತ ಹೆಂಡತಿಯನ್ನೇ ಒಮ್ಮೆ ಹೊರಗೆ ನಿಲ್ಲಿಸಿದ್ದರು. ಆಕೆ ಅದನ್ನು ತಪ್ಪೆಂದೂ ಅನ್ನಲಿಲ್ಲ.

"ಹತ್ತೇ ಹತ್ತು ನಿಮಿಷ ತಡೀರಿ," ಅಂದೆ. "ಯಾರಿಗೋಸ್ಕರ ಇವತ್ತಿನ ಆಟ ಇಟ್ಕೊಂಡಿದೀವೋ ಅವರೇ ಬಂದಿಲ್ಲ!"

"ಏಳು ಅಂತ ಬರ್ದಿದೆ," ಅಂದರು ಎಂಡೆಲ್.

"ಬರ್ದಿದ್ದು ನಾನೇ!"

"ಹಾಗಾದ್ರೆ ನಿಂಗೆ ಗೊತ್ತಿರ್ಬೇಕಲ್ಲ."

ಡಾಕ್ಟ್ರಮ್ಮನ ಕಡೆ ತಿರುಗಿದೆ. ಅವರ ಮುಖ ಬಿಳಿಚಿಕೊಂಡಿತ್ತು. ಒಳಗೆ ಇಡೀ ಲೆಪಿಕು ಹಳ್ಳಿ, ಪಕ್ಕದೆರಡು ಹಳ್ಳಿ, ತೊಡೆಯ ಮೇಲೆ ಕಂಬಳಿ ಹೊದ್ದು ಕೂತಿತ್ತು. ಯಾರೂ ಕೆಮ್ಮುತ್ತಿರಲಿಲ್ಲ.

"ಇವರು ಹೊತ್ತಿಗೆ ಸರಿಯಾಗಿ ಬಂದಿದಾರೆ ಮೈರೆ," ಅಂದರು ಡಾಕ್ಟ್ರಮ್ಮ. "ಹೊತ್ತಿಗೆ ಬಂದೋರನ್ನ ಕಾಯಿಸಿ, ಬಾರದೋರಿಗೆ ಮರ್ಯಾದೆ ಮಾಡ್ಲಾ? ಬಾರ್ಸಪ್ಪಾ ಎಂಡೆಲ್."

ಗಂಟೆ ಹೊಡೆಯಿತು. ಬಾಗಿಲು ಮುಚ್ಚಿತು. ಅತಿಥಿಗಳಿಗಾಗಿ ಏರ್ಪಡಿಸಿದ ನಾಟಕ ಅತಿಥಿಗಳಿಲ್ಲದೆ ಶುರುವಾಯಿತು. ಜಗತ್ತಿನಲ್ಲಿ ಬೇರೆ ಯಾರಾದರೂ ಹೀಗೆ ಮಾಡುತ್ತಾರಾ, ಹೇಳಿ! ನನಗೆ ಅಲ್ಲೇ ಹುಲ್ಲಿನ ಮೇಲೆ ಕೂತು ಗೋಳೋ ಅಂತ ಅಳಬೇಕೆನಿಸಿತು.

೩ (ಬದಲಿ)

ಎಂಡೆಲ್ ಕರಗಿದರು. "ಹೋಗ್ಲಿ ಬಿಡು, ದೂರದಿಂದ ಬಂದೋರು," ಎಂದು ಮೆಲ್ಲಗೆ ಬಾಗಿಲು...

("ನಾನು ಹಾಗೆ ಅನ್ಲಿಲ್ಲ," ಎಂದು ಎಂಡೆಲ್ ಕಥೆಯೊಳಗಿಂದ ತಲೆ ಹಾಕಿದರು. "ಸುಳ್ಳು ಬರೀಬೇಡ. ನಮ್ಮೂರಲ್ಲಿ ಮುಖ ಎತ್ಕೊಂಡು ಓಡಾಡ್ಬೇಕು ನಾನು." ಸರಿ, ಈ ಬದಲಿಯೂ ರದ್ದು.)

೪

ಬಸ್ಸು ಬಂದಾಗ ಮೊದಲರ್ಧದ ಬಹುಪಾಲು ಆಗಿಹೋಗಿತ್ತು. ಇಳಿದವರು ಖುಷಿಯಾಗಿದ್ದರು, ಎಲ್ಲರ ಫೋನಿನಲ್ಲೂ ಕೊಕ್ಕರೆ. ಗ್ರಾಸಾ ಎಂಬಾಕೆ ಎಲ್ಲರಿಗಿಂತ ಮುಂದೆ ಬಂದಳು. ಪೋರ್ಚುಗಲ್ಲಿನ ಪೋರ್ಟೊ ಊರಿನಲ್ಲಿ ದೊಡ್ಡ ಉತ್ಸವ ನಡೆಸುವವಳು, ನನ್ನಷ್ಟೇ ಮಾತುಗಾತಿ. ಆರಿಸುವ ಅಧಿಕಾರ ಇದ್ದದ್ದೂ ಅವಳ ಕೈಯಲ್ಲೇ.

"ಇನ್ನೂ ಶುರು ಆಗಿಲ್ಲ ತಾನೇ?" ಎಂದಳು.

"ಆಗಿದೆ. ಬಾಗಿಲು ಹಾಕಿದಾರೆ."

ಅವಳು ನಕ್ಕಳು. ನಾನು ನಗದಿದ್ದದ್ದನ್ನು ನೋಡಿ ಅವಳ ನಗು ನಿಂತಿತು. "ನಮ್ಮನ್ನ ಹೊರಗಿಟ್ಟು?"

ಮರದ ಗೋಡೆಯಾಚೆಯಿಂದ ಮಾತು ಕೇಳಿಸುತ್ತಿತ್ತು. ಆ ನಾಟಕದ ಮೊದಲರ್ಧ ಪೂರಾ ಮಾತು. ಸಲ್ಮೆ, ಲೇಡಾ ಎಂಬ ಇಬ್ಬರು ನೆರೆಮನೆಯ ಹೆಂಗಸರು ಒಂದೇ ಬಾವಿಯ ಕಟ್ಟೆಯ ಮೇಲೆ ಕೂತು ಹರಟುತ್ತಾರೆ, ಬೈದಾಡುತ್ತಾರೆ, ಹಾಡುತ್ತಾರೆ. ನಮ್ಮ ಅತಿಥಿಗಳು ಅದರ ಸದ್ದು ಕೇಳುತ್ತಾ ಸೊಳ್ಳೆ ಹೊಡೆದುಕೊಂಡು ನಿಂತರು.

ಇಂಟರ್ವಲ್ಲಾಯಿತು. ಹಳ್ಳಿಯವರು ಹೊರಗೆ ಬಂದು ಕಾಫಿ ತೆಗೆದುಕೊಂಡರು. ಪುಟ್ಟ ಮೀನಿಟ್ಟ ಕಪ್ಪು ಬ್ರೆಡ್ಡು, ಏಲಕ್ಕಿ ಹಾಕಿದ ಹೆಣೆದ ಬ್ರೆಡ್ಡು. ಪರದೇಶದವರನ್ನು ನೋಡಿ ಎಲ್ಲರೂ ತಂತಮ್ಮ ಶೂಗಳನ್ನು ನೋಡಿಕೊಂಡರು. ನಾನು ಗ್ರಾಸಾಗೆ ಮೊದಲರ್ಧದ ಕಥೆ ಹೇಳತೊಡಗಿದೆ. ಆದರೆ ಗಾಬರಿಗೆ ಬಾಯಿಂದ ಬಂದದ್ದು ಬ್ರೋಷರ್. "ಮೌನದ ರಾಜಕಾರಣ..." ಎನ್ನುವಷ್ಟರಲ್ಲಿ ಅವಳು ಆಕಳಿಕೆ ನುಂಗಿದ್ದು ಕಾಣಿಸಿತು. ಅಷ್ಟು ಹೊತ್ತಿಗೆ ಗಂಟೆ ಹೊಡೆಯಿತು.

೫

ಎರಡನೆಯ ಅರ್ಧದಲ್ಲಿ ಒಂದೇ ಒಂದು ಮಾತಿಲ್ಲ.

ಸಲ್ಮೆ ಬರುತ್ತಾಳೆ, ಅವಳ ಎರಡೂ ಕೈಗಳಿಗೆ ಬಟ್ಟೆ ಸುತ್ತಿದೆ. ಲೇಡಾ ಬಾವಿಯಿಂದ ನೀರು ಸೇದಿ ಬಕೆಟ್ಟನ್ನು ಅವಳ ಮುಂದೆ ಇಡುತ್ತಾಳೆ. ಸಲ್ಮೆ ಆ ಬಕೆಟ್ಟನ್ನು ಒದ್ದು ನೀರು ಚೆಲ್ಲುತ್ತಾಳೆ. ಲೇಡಾ ಎರಡನೆಯ ಬಕೆಟ್ಟು ಸೇದುತ್ತಾಳೆ. ಅದನ್ನು ಸಲ್ಮೆ ತೋಳಿಗೆ ತೂಗಿಸಿಕೊಂಡು ಹೋಗುತ್ತಾಳೆ. ಹೀಗೇ ಮತ್ತೆ, ಮತ್ತೆ. ಎಲೆ ಉದುರುತ್ತದೆ, ಹಿಮ ಬೀಳುತ್ತದೆ, ಇಬ್ಬರೂ ಮುದುಕಿಯರಾಗುತ್ತಾರೆ. ಕೊನೆಗೊಂದು ದಿನ ಲೇಡಾಗೆ ಕೈ ನಡುಗುತ್ತದೆ. ಕಷ್ಟಪಟ್ಟು ಮೊದಲ ಬಕೆಟ್ಟೊಂದನ್ನೇ ಮೇಲೆ ತರುತ್ತಾಳೆ. ಸಲ್ಮೆ ಅದನ್ನು ನೋಡುತ್ತಾಳೆ, ಬಗ್ಗುತ್ತಾಳೆ, ಬಾಯಿ ಹಚ್ಚಿ ಕುಡಿಯುತ್ತಾಳೆ. ಅಲ್ಲಿಗೆ ನಾಟಕ ಮುಗಿಯಿತು.

ಹಳ್ಳಿಗೆ ಹಳ್ಳಿಯೇ ಕಂಬಳಿಯಂಚಿನಿಂದ ಕಣ್ಣೊರೆಸಿಕೊಳ್ಳುತ್ತಿತ್ತು. ನಮ್ಮ ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲೊಬ್ಬರು ಗಾಢ ನಿದ್ದೆಯಲ್ಲಿದ್ದರು.

ಆಮೇಲೆ ಹೂವು. ಪ್ರತಿ ಮನೆಯವರೂ ತಮ್ಮ ಹಿತ್ತಲಿನ ಹೂವು ತಂದಿದ್ದರು. ಸಾಲಾಗಿ ನಿಂತು, ಒಬ್ಬೊಬ್ಬರೇ ಹೋಗಿ, ನಟಿಯರ ಕೈಗೆ ಕೊಟ್ಟು, ಏನೂ ಹೇಳದೆ ವಾಪಸು ಬಂದರು. ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ.

ಗ್ರಾಸಾ ಡಾಕ್ಟ್ರಮ್ಮನ ಕೈ ಕುಲುಕಿದಳು. "ವೆರಿ ಇಂಟರೆಸ್ಟಿಂಗ್," ಎಂದಳು.

ಡಾಕ್ಟ್ರಮ್ಮ ತಲೆಯಾಡಿಸಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ನನ್ನ ಮುಖ ಓದಲು ಬರುತ್ತದೆ. "ಹೋಗ್ಲಿ ಬಿಡು ಮೈರೆ," ಅಂದು ಕೊಟ್ಟಿಗೆಯ ಕಡೆ ನಡೆದರು, ಕುರ್ಚಿ ಮಡಚುವುದಕ್ಕೆ.

(ಇಲ್ಲಿಗೇ ಕಥೆ ನಿಲ್ಲಿಸಬಹುದಿತ್ತು. ದುಃಖದ ಅಂತ್ಯ ಬರೆದವರಿಗೆ ನಮ್ಮಲ್ಲಿ ಬಹುಮಾನ ಜಾಸ್ತಿ. ಆದರೆ ಆದದ್ದನ್ನು ಬಿಟ್ಟು ಬಹುಮಾನ ಇಟ್ಟುಕೊಂಡು ಏನು ಮಾಡಲಿ?)

೬

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಗ್ರಾಸಾ ತಿರುಗಿದಳು. "ಒಂದು ಕೇಳ್ಲಾ? ಆ ಮುದುಕಿ ನೀರು ಕುಡಿದ್ಳು, ಅಷ್ಟೇ. ಅದಕ್ಕೆ ಇಷ್ಟು ಜನ ಯಾಕೆ ಅತ್ರು? ದಿನಾ ಆ ಬಕೆಟ್ ಯಾಕೆ ಒದೀತಿದ್ಳು? ಅವಳಿಗೇನು ಹುಚ್ಚಾ?"

ನಾನು ಅಭ್ಯಾಸಬಲದಿಂದ ಅದನ್ನು ನಮ್ಮ ಭಾಷೆಗೆ ಗಟ್ಟಿಯಾಗಿ ಅನುವಾದಿಸಿಬಿಟ್ಟೆ. ಕಾಫಿ ಮೇಜಿನ ಹತ್ತಿರವಿದ್ದವರೆಲ್ಲ ತಲೆ ಎತ್ತಿದರು.

ಲೈನೆ ಎಂಬ ಹೆಂಗಸು ಅಲ್ಲಿ ತಟ್ಟೆ ಜೋಡಿಸುತ್ತಿದ್ದರು. ಜೇನು ಸಾಕುವವರು, ಮೂರು ಹಳ್ಳಿಗೆ ಜೇನುತುಪ್ಪ ಕೊಡುವವರು. ಅಂಗಡಿಯಲ್ಲಿ ಬೇಕಾದದ್ದನ್ನು ಬೆರಳಲ್ಲಿ ತೋರಿಸಿ ತೆಗೆದುಕೊಳ್ಳುವುದಷ್ಟೇ ಅವರ ಸಂಭಾಷಣೆ. ಆ ಲೈನೆ ತಟ್ಟೆ ಕೆಳಗಿಟ್ಟರು.

"ಹುಚ್ಚು ಗಿಚ್ಚು ಏನಿಲ್ಲ," ಅಂದರು. ದನಿ ಒರಟಾಗಿತ್ತು. "ಸಲ್ಮೆನ ಹಾಗೆ ಅನ್ಬೇಡಿ."

ಗ್ರಾಸಾ ಮೆಟ್ಟಿಲಿಂದ ಕಾಲು ಕೆಳಗಿಟ್ಟಳು.

"ಇಂಟರ್ವಲ್ಲಿಗೆ ಮುಂಚೆ ಸಲ್ಮೆ ಮನೆಗೆ ಬೆಂಕಿ ಬಿತ್ತು," ಅಂದರು ಲೈನೆ. "ಮರದ ಮನೆ, ಹುಲ್ಲಿನ ಸೂರು. ಲೇಡಾ ಓಡಿಬಂದು ಬಾವಿಯಿಂದ ನೀರು ಸೇದಿದ್ಳು. ಮೊದಲ್ನೇ ಬಕೆಟ್ಟು ಎಲ್ಲಿಗೆ ಹಾಕಿದ್ಳು ಗೊತ್ತಾ? ತನ್ನ ಸೂರಿಗೆ. ಕಿಡಿ ಹಾರಿ ತನ್ನ ಮನೆ ಹತ್ಕೊಳ್ದೆ ಇರ್ಲಿ ಅಂತ. ಎರಡನೇದ್ರಿಂದ ಮಾತ್ರ ಸಲ್ಮೆ ಮನೆಗೆ."

ನಾನು ಅನುವಾದಿಸಿದೆ.

"ಲೇಡಾ ಸೂರೂ ಹುಲ್ಲಿಂದೇ ಅಲ್ವೇನೇ ಲೈನೆ," ಎಂದರು ಹಿಂದಿನಿಂದೊಬ್ಬ ಮುದುಕರು. "ಎರಡೂ ಮನೆ ಸುಟ್ಟುಹೋಗಿದ್ರೆ ಯಾರಿಗೆ ಲಾಭ? ಲೇಡಾ ಮಾಡಿದ್ದು ಸರಿ."

"ಸರೀನಾ? ಒಳಗೆ ಸಲ್ಮೆ ಬರಿಗೈಲಿ ತೊಲೆ ಎತ್ತಿ ಕರು ಎಳೀತಿದ್ಳು! ಕೈ ಸುಟ್ಕೊಂಡ್ಳು!"

"ಕರು ಅಲ್ಲ, ತೊಟ್ಟಿಲು!"

"ನಾಟ್ಕ ಸರಿಯಾಗಿ ನೋಡು ಮಾರಾಯಾ, ಕರು!"

"ನಿನ್ನ ಮನೆಗೆ ಬೆಂಕಿ ಬಿದ್ರೆ ನಾನು ಮೊದ್ಲು ನನ್ನ ಸೂರೇ ನೆನೆಸ್ತೀನಿ. ಈಗ್ಲೇ ಹೇಳಿಟ್ಟಿದೀನಿ ನೋಡು."

"ಗೊತ್ತು ಕಣೋ! ನಿನ್ನ ನೋಡಿದ್ರೇ ಗೊತ್ತಾಗುತ್ತೆ!"

ಅಬ್ಬಾ! ಹುಟ್ಟಿದಾಗಿನಿಂದ ಬಾಯಿ ಬಿಡದವರೆಲ್ಲ ಒಟ್ಟಿಗೆ ಬಾಯಿ ಬಿಟ್ಟರು. ಒಬ್ಬರು ಹಾಡಿನ ಭಾಗ ಹಾಡಿ ತೋರಿಸಿದರು. ಇನ್ನೊಬ್ಬರು ಕೋಟು ತೆಗೆದು ಬೆಂಕಿಯನ್ನು ಹೊಡೆದು ಆರಿಸುವುದನ್ನು ಅಭಿನಯಿಸಿದರು. ನಾನು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಮಾತು ಸಾಗಿಸಿ ಸಾಗಿಸಿ ಉಸಿರು ಸಿಕ್ಕಿಕೊಂಡು ನಿಂತೆ. ನಿಂತ ಮೇಲೆ ನೋಡಿದರೆ ಅರ್ಧ ಮಾತಿಗೆ ನನ್ನ ಅಗತ್ಯವೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ನಿದ್ದೆ ಹೊಡೆದವರು ಈಗ ಕಾಫಿ ಮೇಜಿನ ಮೇಲೆ ಸಕ್ಕರೆ ತುಂಡುಗಳಲ್ಲಿ ಎರಡು ಮನೆ, ಒಂದು ಬಾವಿ ಜೋಡಿಸಿ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಕೈಸನ್ನೆಯಲ್ಲೇ ವಿಚಾರಿಸುತ್ತಿದ್ದರು.

"ನಾನೂ ನನ್ನ ಸೂರೇ ಮೊದ್ಲು ನೆನೆಸ್ತಿದ್ದೆ!" ಎಂದು ಗ್ರಾಸಾ ಕೂಗಿದಳು.

ನಾನು ಅದನ್ನು ಹೇಳಿದ ಮೇಲೆ ಲೈನೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ನಿಮ್ಮ ಮೊದಲ್ನೇ ಬಕೆಟ್ಟನ್ನೂ ನಾನು ಒದೀತಿದ್ದೆ," ಅಂದರು. ಆಮೇಲೆ ತಟ್ಟೆ ಎತ್ತಿಕೊಳ್ಳುತ್ತ, "ಕಡೇಗೆ ಕುಡೀತಿದ್ದೆ," ಎಂದರು.

ಅದನ್ನು ಅನುವಾದಿಸಿದೆ. ಗ್ರಾಸಾಳ ಕಣ್ಣು ತುಂಬಿ ಬಂತು. ಎರಡನೆಯ ಅರ್ಧ ಪೂರ್ತಿ ಅವಳಿಗೆ ಆಗ ಅರ್ಥವಾಯಿತು, ನಾಟಕ ಮುಗಿದು ಕುರ್ಚಿ ಮಡಚಿದ ಮೇಲೆ, ಕಾಫಿ ಕಪ್ಪು ಹಿಡಿದುಕೊಂಡು ನಿಂತಾಗ.

೭

ಡಾಕ್ಟ್ರಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆಂದುಕೊಂಡೆ, ಯಾಕೆಂದರೆ ಅರ್ಧಕ್ಕರ್ಧ ಜನ ಕಥೆಯನ್ನು ತಪ್ಪಾಗಿ ಹೇಳುತ್ತಿದ್ದರು. (ಅದು ಕರುವೇ. ಡಾಕ್ಟ್ರಮ್ಮನನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.)

"ಈ ಎಲ್ಲ ಬಾಯಿಗಳೂ ನಂಗೊತ್ತು ಮೈರೆ," ಎಂದರು. "ಒಂದೊಂದರಲ್ಲೂ ಯಾವ ಹಲ್ಲು ಇದೆ, ಯಾವುದಿಲ್ಲ, ಎಲ್ಲ ಗೊತ್ತು. ಜೀವಮಾನ ಪೂರ್ತಿ 'ಬಾಯಿ ತೆಗೀರಿ, ಬಾಯಿ ತೆಗೀರಿ' ಅಂತ ಹೇಳಿದೆ. ತೆಗೆದ್ರು, ಒಂದು ಮಾತೂ ಆಡ್ಲಿಲ್ಲ." ಅವರು ಅಳುತ್ತಿದ್ದರು, ನಗುತ್ತಲೂ ಇದ್ದರು. ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಗ್ರಾಸಾ ನುಗ್ಗಿ ಬಂದಳು, ನಾನು ಇಬ್ಬರ ನಡುವೆ ನಿಂತು ಅನುವಾದಿಸತೊಡಗಿದೆ. "ಪೋರ್ಟೊಗೆ ಬನ್ನಿ. ನಾಟಕ ಬೇಕು. ಇವರೂ ಬೇಕು, ಈ ಜಗಳಾನೂ ಬೇಕು. ಮೊದ್ಲು ಎರಡನೇ ಅರ್ಧ ಆಡಿ, ಆಮೇಲೆ ಇವರು ಮೊದಲರ್ಧ ಹೇಳ್ಲಿ!"

"ಮೊದಲರ್ಧ ಮೊದ್ಲೇ ಇರುತ್ತೆ," ಅಂದರು ಡಾಕ್ಟ್ರಮ್ಮ. "ಅದಕ್ಕೇ ಅದನ್ನ ಮೊದಲರ್ಧ ಅನ್ನೋದು."

"ಆದ್ರೆ ಇದೇ ಚೆನ್ನಾಗಿತ್ತಲ್ಲಾ!"

"ನಿಮಗೆ ಚೆನ್ನಾಗಿತ್ತು, ಯಾಕಂದ್ರೆ ನೀವು ಲೇಟು. ನಾನು ಲೇಟಾಗಿ ಬರೋರಿಗೋಸ್ಕರ ಬರೆಯಲ್ಲ. ಪೂರ್ತಿ ನಾಟಕ, ಸರಿಯಾದ ಕ್ರಮದಲ್ಲಿ, ಬರ್ದಿದ್ದ ಹೊತ್ತಿಗೆ. ಬಾಗಿಲಿಗೆ ಎಂಡೆಲ್ ಇರ್ತಾರೆ. ಒಪ್ಪಿಗೆ ಇದ್ರೆ ಬರ್ತೀವಿ."

ನಾನು ಡಾಕ್ಟ್ರಮ್ಮನ ತೋಳು ಜಗ್ಗಿದೆ. ಇದೇನು ಹಟ, ಬಾಯಿಗೆ ಬಂದ ತುತ್ತು! ಅವರು ಜಗ್ಗಲಿಲ್ಲ. ಗ್ರಾಸಾ ಎಂಡೆಲ್ ಅವರ ಗಂಟೆ ನೋಡಿದಳು, ಕೋಟು ನೋಡಿದಳು, ನಕ್ಕು ಕೈ ಚಾಚಿದಳು. ಬಸ್ಸು ಹೊರಟಾಗ ಇಡೀ ಹಳ್ಳಿ ಕೈಬೀಸಿತು, ಆಮೇಲೆ ನಾಚಿಕೊಂಡು ಮನೆಗೆ ಹೋಯಿತು.

೮

ಪೋರ್ಟೊ. ನದಿಯ ಪಕ್ಕದ ಹಳೇ ಗೋದಾಮು, ಮುಂದೆ ಅಂಗಳ. ಗೋಡೆಯ ತುಂಬ ಪೋಸ್ಟರು, ಅದರ ಮೇಲೆ ಡಾಕ್ಟ್ರಮ್ಮನ ಹೆಸರು ಬಾಗಿಲಿನಷ್ಟು ಉದ್ದ. ಎಂಡೆಲ್ ಅದರ ಪಕ್ಕದಲ್ಲಿ ಮದುವೆಯ ಕೋಟಿನಲ್ಲಿ ಬೆವರುತ್ತ ನಿಂತಿದ್ದರು. ತಂಗಿ ಬಂದು ಜೇನುಗೂಡು ನೋಡಿಕೊಳ್ಳಲು ಒಪ್ಪಿದ್ದರಿಂದ ಲೈನೆಯೂ ಬಂದಿದ್ದರು. ಆಕೆ ನಟಿಯಲ್ಲ, ಪ್ರೇಕ್ಷಕಿ. ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು, ಆ ಸೆಕೆಯಲ್ಲಿ.

ಎರಡನೆಯ ಗಂಟೆಯಾದರೂ ಅರ್ಧ ಗೋದಾಮು ಖಾಲಿ. ಮಿಕ್ಕವರೆಲ್ಲ ಅಂಗಳದಲ್ಲಿ ನಗುತ್ತ, ಕಾಫಿ ಹೀರುತ್ತ, ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತ ನಿಂತಿದ್ದರು. ಅವರ ನಡುವೆ ಗ್ರಾಸಾ, ಎಲ್ಲರಿಗಿಂತ ಗಟ್ಟಿ ದನಿಯಲ್ಲಿ.

"ಎಂಡೆಲ್," ಎಂದು ಬೇಡಿಕೊಂಡೆ.

"ಬರ್ದಿದೆ," ಎಂದರು ಎಂಡೆಲ್. ಮೂರನೆಯ ಗಂಟೆ ಬಾರಿಸಿದರು. ಬಾಗಿಲಿಗೆ ಕೈ ಹಾಕಿದರು.

ಆಗ ಲೈನೆ ಎದ್ದರು. ಕಂಬಳಿ ಮಡಚಿ ಕುರ್ಚಿಯ ಮೇಲಿಟ್ಟು, ನೇರ ಬಾಗಿಲಿಗೆ ಬಂದರು.

"ಹುಷಾರಿಲ್ವಾ?" ಎಂದರು ಎಂಡೆಲ್.

"ನಂಗೇನಾಗಿದೆ? ಹೊರಗಿರೋರಿಗೆ ಮೊದಲರ್ಧ ಯಾರು ಹೇಳ್ತಾರೆ?" ಅಂದವರೇ ಅಂಗಳಕ್ಕಿಳಿದರು. ಅವರ ಹಿಂದೆಯೇ ಎಂಡೆಲ್ ಬಾಗಿಲು ಹಾಕಿ ಅಗುಳಿ ಜಡಿದರು.

ಒಳಗೆ ಸಲ್ಮೆ ಮತ್ತು ಲೇಡಾ ಬಾವಿಕಟ್ಟೆಯ ಮೇಲೆ ಹರಟೆ ಶುರು ಮಾಡಿದರು. ಹೊರಗೆ ಗಲಾಟೆ ತಟ್ಟನೆ ನಿಂತಿತು. ಒಂದೇ ಒಂದು ಒರಟು ದನಿ ಕೇಳಿಸಿತು, ಆಮೇಲೆ ದೊಡ್ಡ ನಗು, ಮತ್ತೆ ನಿಶ್ಶಬ್ದ. ಡಾಕ್ಟ್ರಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಲ್ಲು ಕೀಳುವವರ ಹಿಡಿತ, ಇವತ್ತಿಗೂ ನೋಯುತ್ತದೆ.

"ನನ್ನ ನಾಟಕ ಎರಡೂ ಕಡೆ ನಡೀತಿದೆ ಕಣೇ," ಎಂದು ಪಿಸುಗುಟ್ಟಿದರು. ಅಷ್ಟು ಹೆಮ್ಮೆಯ ಮುಖ ನಾನು ಬೇರೆ ಯಾರಲ್ಲೂ ನೋಡಿಲ್ಲ.

೯

ಹೊರಗೆ ಲೈನೆ ಏನು ಹೇಳಿದರು?

(ಅ) ತಮ್ಮದೇ ಭಾಷೆಯಲ್ಲಿ ಹೇಳಿದರು, ಎಲ್ಲರಿಗೂ ಅರ್ಥವಾಯಿತು. (ಸುಲಭದ ಅಂತ್ಯ, ನನಗೇ ನಂಬಿಕೆಯಿಲ್ಲ.)

(ಆ) ಅಂಗಳದ ನಲ್ಲಿಯಿಂದ ಒಂದು ಬಕೆಟ್ಟು ನೀರು ಹಿಡಿದು ಗ್ರಾಸಾಳ ಮುಂದಿಟ್ಟರು. (ಚೆನ್ನಾಗಿದೆ. ಆದರೆ ಅಲ್ಲಿ ಬಕೆಟ್ಟು ಎಲ್ಲಿಂದ ಬಂತು?)

(ಇ) ನಾಟಕದ ಕಥೆಯೇ ಅಲ್ಲ, ತಮ್ಮ ಸ್ವಂತ ಮನೆಯ, ಸ್ವಂತ ಬೆಂಕಿಯ ಕಥೆ ಹೇಳಿದರು.

(ಇ)ಯನ್ನು ಬರೆದು ಪೆನ್ನು ಕೆಳಗಿಟ್ಟೆ. ಲೈನೆ ಅಂದು ಸಲ್ಮೆಗಾಗಿ ಅಷ್ಟು ಸಿಟ್ಟಾದದ್ದು ಯಾಕೆಂದು ನಾನು ಅಲ್ಲಿಯ ತನಕ ಯೋಚಿಸಿಯೇ ಇರಲಿಲ್ಲ. ಓದುಗರೇ, ನಿಮಗೆ ಖಚಿತವಾಗಿ ಹೇಳಬೇಕೆಂದು ಈಗ ಕಥೆಯೊಳಗೇ, ಆ ಗೋದಾಮಿನ ಕತ್ತಲಲ್ಲಿ ತಡವರಿಸಿಕೊಂಡು ಎದ್ದು ಬಾಗಿಲಿಗೆ ಬಂದಿದ್ದೇನೆ. ಹೊರಗೆ ಮತ್ತೆ ಆ ದನಿ. ಅಂಗಳ ಪೂರ್ತಿ ಉಸಿರು ಬಿಗಿಹಿಡಿದು ಕೇಳುತ್ತಿದೆ.

"ಎಂಡೆಲ್, ಒಂಚೂರು ತೆಗೀರಿ. ಈ ಕಥೆ ಬರೀತಿರೋಳು ನಾನು. ಅವರು ಏನ್ ಹೇಳ್ತಿದಾರೆ ಅಂತ ನಂಗೆ ಗೊತ್ತಾಗ್ಬೇಕು."

ಎಂಡೆಲ್ ಗಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಅಗುಳಿಗೆ ಬೆನ್ನು ಕೊಟ್ಟು ನಿಂತರು.

"ಇಂಟರ್ವಲ್ಲಿಗೆ," ಅಂದರು.